ಅಪ್ಪನ ದಮ್ಮು, ಮಗನ ನರೆಗೂದಲು

ತಬಲಾ ಮಾಂತ್ರಿಕ ಉಸ್ತಾದ್ ಜಾಕಿರ್ ಹುಸೇನ್ 2024ರ ಡಿಸೆಂಬರ್ 15ರಂದು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ತೀರಿಕೊಂಡರು. 73 ವರ್ಷ. ಮನೆಯವರು ಹೊರಡಿಸಿದ ಹೇಳಿಕೆಯಲ್ಲಿ ಕಾಯಿಲೆಯ ಹೆಸರೂ ಇತ್ತು: ಇಡಿಯೋಪಥಿಕ್ ಪಲ್ಮನರಿ ಫೈಬ್ರೋಸಿಸ್. ಬಾಯಿಗೆ ತಿರುಗದ ಈ ಹೆಸರು ಎರಡು ದಿನ ಟಿ.ವಿ.ಯಲ್ಲಿ ಓಡಾಡಿತು. ಮೂರನೇ ದಿನ ಎಲ್ಲರೂ ಮರೆತರು.

ಮರೆಯುವ ಹಾಗಿಲ್ಲ ಸ್ವಾಮಿ. ಈ ರೋಗ ಸ್ಯಾನ್ ಫ್ರಾನ್ಸಿಸ್ಕೋದ ಸೊತ್ತಲ್ಲ. ನಮ್ಮಲ್ಲೂ ಇದೆ, ಕರೆಯುವ ಹೆಸರು ಬೇರೆ ಅಷ್ಟೆ. ಬಸ್ಸಿನ ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬಿಡುವವರನ್ನು ಕಂಡರೆ 'ದಮ್ಮು' ಅಂತೀವಿ. ಒಣಕೆಮ್ಮು ತಿಂಗಳುಗಟ್ಟಲೆ ನಿಲ್ಲದಿದ್ದರೆ 'ಟಿ.ಬಿ. ಇರಬೇಕು' ಅಂತೀವಿ. ಎರಡೂ ಅಲ್ಲ ಅಂತಾದರೆ 'ವಯಸ್ಸಾಯ್ತಲ್ಲ ಬಿಡಿ' ಅಂತ ಕೈ ತೊಳೆದುಕೊಳ್ತೀವಿ.

ಚರಂಡಿ, ಬಸ್‌ಸ್ಟ್ಯಾಂಡು, ಮಾರ್ಕೆಟ್ ಜಾಗದ ಗಲಾಟೆ ಬರೆಯುವ ಈ ಅಂಕಣದಲ್ಲಿ ಶ್ವಾಸಕೋಶದ ಪಾಠ ಯಾಕೆ ಅಂತ ಓದುಗರು ಕೇಳಬಹುದು. ಕಾರಣ ಇದೆ. ಈ ರೋಗದ ಒಂದು ಜಾತಿಗೆ ತಪ್ಪು ಮಾತ್ರೆ ಕೊಟ್ಟರೆ ಆಯುಷ್ಯವೇ ಕಡಿಮೆಯಾಗುತ್ತದೆ. ಆ ಮಾತ್ರೆ ಬಹಳ ಅಗ್ಗದ್ದು. ಎಲ್ಲ ಊರಿನ ಮೆಡಿಕಲ್ ಶಾಪಿನ ಗೂಡಿನಲ್ಲೂ ಇರುವಂಥದ್ದು. ಕೊಡುವವರಿಗೂ ತಿನ್ನುವವರಿಗೂ ಅದರ ಮೇಲೆ ಭಾರೀ ನಂಬಿಕೆ. ಹಾಗಾಗಿ ಇದು ನಮ್ಮೂರಿನ ವಿಚಾರವೇ.

ಬಿಗಿದುಕೊಂಡ ಸ್ಪಂಜು

ಮೊದಲು ರೋಗ ಏನು ಅಂತ ನೋಡೋಣ. ಒಳ್ಳೆ ಶ್ವಾಸಕೋಶ ಸ್ಪಂಜಿನ ಹಾಗೆ. ಒಳಗೆ ಕೋಟ್ಯಂತರ ಸಣ್ಣ ಗಾಳಿಚೀಲಗಳು. ಗಾಳಿ ಬಂದಾಗ ಹಿಗ್ಗಬೇಕು, ಬಿಟ್ಟಾಗ ಕುಗ್ಗಬೇಕು. ಫೈಬ್ರೋಸಿಸ್ ಆದವರಲ್ಲಿ ಈ ಚೀಲಗಳ ಗೋಡೆ ಗಾಯ ಮಾಗಿದ ಕಲೆಯಂತೆ ದಪ್ಪವಾಗಿ ಬಿಗಿದುಕೊಳ್ಳುತ್ತದೆ. ಮೊಣಕೈ ಮೇಲೆ ಹಳೇ ಗಾಯದ ಕಲೆ ಇರುತ್ತಲ್ಲ, ಚರ್ಮ ಎಳೆದರೂ ಹಿಗ್ಗೋದಿಲ್ಲ, ಅಂಥದ್ದೇ ಎದೆಯೊಳಗೆ. ರಕ್ತಕ್ಕೆ ಆಮ್ಲಜನಕ ದಾಟುವುದಿಲ್ಲ. ಡಾಕ್ಟರು ಬೆನ್ನಿಗೆ ಸ್ಟೆತಾಸ್ಕೋಪ್ ಇಟ್ಟರೆ ಚಪ್ಪಲಿಯ ವೆಲ್ಕ್ರೋ ಪಟ್ಟಿ ಕಿತ್ತ ಹಾಗೆ ಚರ್ರ್ ಚರ್ರ್ ಸದ್ದು ಕೇಳಿಸುತ್ತದೆ. ಬೆರಳ ತುದಿ ಊದಿಕೊಂಡು ಉಗುರು ಉಬ್ಬುವುದೂ ಉಂಟು.

ಇದು ಅಸ್ತಮಾ ಅಲ್ಲ. ಅಸ್ತಮಾದಲ್ಲಿ ಕೊಳವೆ ಮುಚ್ಚಿಕೊಳ್ಳುತ್ತೆ, ಮದ್ದು ಎಳೆದರೆ ಬಿಡುತ್ತೆ. ಇಲ್ಲಿ ಚೀಲದ ಗೋಡೆಯೇ ಕೆಟ್ಟಿರುತ್ತೆ. ಸರಿಯಾದ ಚಿಕಿತ್ಸೆ ಸಿಗದಿದ್ದರೆ ರೋಗ ಪತ್ತೆಯಾದ ಮೇಲೆ ಅರ್ಧದಷ್ಟು ಜನ ಬದುಕುವುದು ಮೂರರಿಂದ ಐದು ವರ್ಷ. ಎಷ್ಟೋ ಕ್ಯಾನ್ಸರುಗಳಿಗಿಂತ ಇದು ಕೆಟ್ಟ ಲೆಕ್ಕ.

ಹೆಸರಿನಲ್ಲಿರುವ 'ಇಡಿಯೋಪಥಿಕ್' ಅಂದರೆ 'ಕಾರಣ ಗೊತ್ತಿಲ್ಲ' ಅಂತ ಅರ್ಥ. ಡಾಕ್ಟರುಗಳು ಬಹಳ ಕಾಲ ಹಾಗೇ ಅಂದುಕೊಂಡು ಬಂದರು. ಈಗ ಒಂದಷ್ಟು ರೋಗಿಗಳ ಮಟ್ಟಿಗೆ ಕಾರಣ ಗೊತ್ತಾಗಿದೆ. ಕಾರಣದ ಹೆಸರು ಟೆಲೋಮಿಯರ್.

ಹಗ್ಗದ ತುದಿಯ ಗಂಟು

ನಮ್ಮ ದೇಹದ ಪ್ರತಿ ಜೀವಕೋಶದಲ್ಲೂ 46 ಕ್ರೋಮೋಸೋಮುಗಳು. ಅಪ್ಪ ಅಮ್ಮನಿಂದ ಬಂದ ಗುಣವೆಲ್ಲ ಬರೆದಿಟ್ಟ ಹಗ್ಗಗಳು ಅಂತ ಇಟ್ಟುಕೊಳ್ಳಿ. ದನ ಕಟ್ಟುವ ಹಗ್ಗದ ತುದಿಗೆ ಗಂಟು ಹಾಕದಿದ್ದರೆ ಏನಾಗುತ್ತೆ? ಎಳೆ ಬಿಚ್ಚಿಕೊಂಡು ಹಗ್ಗ ಹಾಳಾಗುತ್ತೆ. ಕ್ರೋಮೋಸೋಮಿನ ಎರಡು ತುದಿಗೂ ಪ್ರಕೃತಿ ಅಂಥ ಗಂಟು ಹಾಕಿದೆ. ಅದೇ ಟೆಲೋಮಿಯರ್. ಜೀವಕೋಶ ಒಂದು ಎರಡಾಗುವಾಗಲೆಲ್ಲ ಈ ಗಂಟು ಒಂದಿಷ್ಟು ಸವೆಯುತ್ತೆ. ಪೂರಾ ಸವೆದರೆ ಆ ಕೋಶ ಮತ್ತೆ ಎರಡಾಗುವುದಿಲ್ಲ. ಕೆಲಸ ನಿಲ್ಲಿಸಿ ಕೂತುಬಿಡುತ್ತದೆ.

ಸವೆದದ್ದನ್ನು ಮತ್ತೆ ಹೊಸೆಯುವ ಒಂದು ಕಿಣ್ವ ಇದೆ. ಟೆಲೋಮರೇಸ್ ಅಂತ ಹೆಸರು. ಕೆರೆ ನೀರಿನಲ್ಲಿ ಬದುಕುವ ಟೆಟ್ರಾಹೈಮಿನಾ ಎಂಬ ಒಂದೇ ಕೋಶದ ಜೀವಿಯಲ್ಲಿ ಇದನ್ನು ಪತ್ತೆ ಮಾಡಿದವರು ಎಲಿಜಬೆತ್ ಬ್ಲ್ಯಾಕ್‌ಬರ್ನ್ ಮತ್ತು ಅವರ ವಿದ್ಯಾರ್ಥಿನಿ ಕ್ಯಾರಲ್ ಗ್ರೈಡರ್. 1984ರ ಕ್ರಿಸ್‌ಮಸ್ ದಿನ ಊರೆಲ್ಲ ಹಬ್ಬದಲ್ಲಿದ್ದಾಗ, 23ರ ಹುಡುಗಿ ಗ್ರೈಡರ್ ಕ್ಯಾಲಿಫೋರ್ನಿಯಾದ ಪ್ರಯೋಗಶಾಲೆಗೆ ಹೋಗಿ ನೋಡಿದರೆ ಫಲಿತಾಂಶ ಬಂದಿತ್ತು. 2009ರಲ್ಲಿ ಇಬ್ಬರಿಗೂ, ಜತೆಗೆ ಜ್ಯಾಕ್ ಶೋಸ್ಟಾಕ್ ಅವರಿಗೂ ನೊಬೆಲ್ ಬಂತು. ಕೆರೆಯ ಜೀವಿಗೂ ನಮ್ಮ ಎದೆಗೂ ಏನು ಸಂಬಂಧ ಅಂತ ಅಂದು ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ.

ಉತ್ತರ 2007ರಲ್ಲಿ ಬಂತು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಮೇರಿ ಅರ್ಮಾನಿಯೋಸ್ ಮತ್ತು ಸಂಗಡಿಗರು, ಮನೆತನದಲ್ಲೇ ಫೈಬ್ರೋಸಿಸ್ ಇದ್ದ 73 ಕುಟುಂಬಗಳನ್ನು ನೋಡಿದರು. ಆರು ಕುಟುಂಬಗಳಲ್ಲಿ ಟೆಲೋಮರೇಸ್ ಕಿಣ್ವ ತಯಾರಿಸುವ ಜೀನುಗಳೇ ಕೆಟ್ಟಿದ್ದವು. ಅದೇ ವರ್ಷ ಟೆಕ್ಸಾಸಿನವರೂ ಇದೇ ಮಾತು ಹೇಳಿದರು. 2008ರಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಮನೆಯಲ್ಲಿ ಬೇರೆ ಯಾರಿಗೂ ಇಲ್ಲದೆ ಒಬ್ಬರಿಗೇ ರೋಗ ಬಂದವರಲ್ಲೂ ಸುಮಾರು ಕಾಲು ಭಾಗ ಜನರ ಟೆಲೋಮಿಯರ್ ವಯಸ್ಸಿಗೆ ಮೀರಿ ಗಿಡ್ಡವಾಗಿತ್ತು. ಅಂದರೆ ಇದು ಎಲ್ಲೋ ನಾಲ್ಕು ಮನೆತನದ ಶಾಪ ಅಲ್ಲ.

ಕಡಿಮೆ ಬಂಡವಾಳದ ವ್ಯಾಪಾರ

ವ್ಯಾಪಾರಸ್ಥರಿಗೆ ಹೀಗೆ ಹೇಳಿದರೆ ಬೇಗ ತಿಳಿದೀತು. ಟೆಲೋಮಿಯರ್ ಅಂದರೆ ಹುಟ್ಟುವಾಗ ಕೈಗೆ ಬಂದ ಬಂಡವಾಳ. ದಿನಾ ಸ್ವಲ್ಪ ಖರ್ಚಾಗುತ್ತೆ. ಬಹಳ ಜನಕ್ಕೆ ಬದುಕು ಮುಗಿಯುವ ತನಕ ಸಾಲುತ್ತೆ. ಜೀನು ಕೆಟ್ಟವರದು ಅಂಗಡಿ ತೆರೆಯುವಾಗಲೇ ಅರ್ಧ ಬಂಡವಾಳ. ಧೂಳು, ಹೊಗೆ, ಸೋಂಕು ಬಂದು ಗಾಳಿಚೀಲದ ಗೋಡೆಗೆ ಪೆಟ್ಟು ಬಿದ್ದಾಗ ಹೊಸ ಕೋಶ ಹುಟ್ಟಿ ತೇಪೆ ಹಾಕಬೇಕು. ಬಂಡವಾಳ ಮುಗಿದ ಕೋಶ ತೇಪೆ ಹಾಕೋದಿಲ್ಲ. ಆ ಜಾಗದಲ್ಲಿ ಕಲೆ ಬೀಳುತ್ತೆ. ಬೀಡಿ ಸಿಗರೇಟು ಸೇದುವವನು ಇಂಥ ಅಂಗಡಿಯ ಗಲ್ಲಾಪೆಟ್ಟಿಗೆಗೆ ತಾನೇ ಕೈ ಹಾಕಿದ ಹಾಗೆ.

ಇದರಲ್ಲಿ ಇನ್ನೂ ಒಂದು ಕ್ರೂರ ಲೆಕ್ಕ ಇದೆ. ಕೆಟ್ಟ ಜೀನಿನ ಜತೆಗೆ ಗಿಡ್ಡವಾದ ಗಂಟೂ ಮಕ್ಕಳಿಗೆ ಹೋಗುತ್ತೆ. ಅಪ್ಪನಿಗೆ ಅರವತ್ತೈದಕ್ಕೆ ಬಂದ ರೋಗ ಮಗನಿಗೆ ಐವತ್ತಕ್ಕೇ ಬಂದೀತು. ಮೊಮ್ಮಗನಿಗೆ ಇನ್ನೂ ಮುಂಚೆ, ಅದೂ ಬೇರೆ ವೇಷದಲ್ಲಿ. ಒಬ್ಬನಿಗೆ ಎದೆ, ಇನ್ನೊಬ್ಬನಿಗೆ ಮೂಳೆಯೊಳಗಿನ ಮಜ್ಜೆ ಒಣಗಿ ರಕ್ತ ಕಡಿಮೆ, ಮತ್ತೊಬ್ಬನಿಗೆ ಕುಡಿಯದಿದ್ದರೂ ಲಿವರ್ ಗಟ್ಟಿ. ಹೊರಗೆ ಕಾಣುವ ಒಂದು ಗುರುತು ತಲೆ ಮೇಲಿರುತ್ತದೆ. ಮೂವತ್ತು ದಾಟುವ ಮುಂಚೆಯೇ ಕೂದಲು ನರೆಯುವುದು. ಬೇಗ ನರೆತವರಿಗೆಲ್ಲ ಈ ರೋಗ ಅಂತ ಖಂಡಿತ ತಿಳಿಯಬೇಡಿ. ಆದರೆ ಅಪ್ಪನಿಗೆ ದಮ್ಮು, ಚಿಕ್ಕಪ್ಪನಿಗೆ ರಕ್ತದ ಪ್ಲೇಟ್ಲೆಟ್ ಕಡಿಮೆ, ಮಗನಿಗೆ ಇಪ್ಪತ್ತೈದಕ್ಕೇ ನರೆ, ಈ ಮೂರೂ ಒಂದೇ ಮನೆಯಲ್ಲಿದ್ದರೆ ಡಾಕ್ಟರು ನಿಂತು ಯೋಚಿಸಬೇಕು.

ಎಂಟು ಸಾವು, ಒಂದು ಸಾವು

ಈಗ ಆ ಮಾತ್ರೆಯ ವಿಚಾರ. ಸ್ಟಿರಾಯ್ಡ್. ನಮ್ಮ ಕಡೆ ಪ್ರೆಡ್ನಿಸೋಲೋನ್ ಹೆಸರಿನಲ್ಲಿ ಸಿಗುವುದು. ಎದೆ ಬಿಗಿತ ಅಂದರೆ ಇದು, ಕೆಮ್ಮು ಅಂದರೆ ಇದು, ಮೈಕೈ ನೋವಿಗೂ ಇದೇ. ತಿಂದ ಎರಡು ದಿನ ಹಸಿವು ಹೆಚ್ಚಿ, ಮೈ ಹಗುರವಾಗಿ, 'ಏನು ಮಾತ್ರೆ ಸ್ವಾಮಿ, ಮಂತ್ರ ಹಾಕಿದ ಹಾಗೆ' ಅನಿಸುತ್ತೆ. ಮುಂದೆ ಚೀಟಿ ಇಲ್ಲದೆಯೇ ಕೊಳ್ಳುವ ಅಭ್ಯಾಸ. ಕಾನೂನಿನ ಪ್ರಕಾರ ಇದು ಶೆಡ್ಯೂಲ್ ಎಚ್ ಔಷಧ. ಡಾಕ್ಟರ ಚೀಟಿ ಇಲ್ಲದೆ ಮಾರುವ ಹಾಗೇ ಇಲ್ಲ. ಪಟ್ಟಿಯ ಮೇಲೆ ಕೆಂಪು ಗೆರೆ ಎಳೆದಿರುತ್ತಾರೆ. ಗೆರೆ ಯಾರು ನೋಡ್ತಾರೆ?

ಫೈಬ್ರೋಸಿಸ್ ರೋಗಿಗಳಿಗೂ ದೊಡ್ಡ ದೊಡ್ಡ ದೇಶಗಳ ದೊಡ್ಡ ಡಾಕ್ಟರುಗಳು ವರ್ಷಾನುಗಟ್ಟಲೆ ಇದನ್ನೇ ಕೊಟ್ಟರು. ಸ್ಟಿರಾಯ್ಡ್, ಅದರ ಜತೆ ರೋಗನಿರೋಧಕ ಶಕ್ತಿಯನ್ನು ಅದುಮುವ ಅಜಾಥಯೋಪ್ರಿನ್, ಅದರ ಜತೆ ಎನ್-ಅಸಿಟೈಲ್‌ಸಿಸ್ಟೀನ್. ಮೂರೂ ಸೇರಿದ ಮದ್ದು. ಉಪಯೋಗ ಇದೆಯಾ ಅಂತ ಸರಿಯಾಗಿ ತೂಗಿ ನೋಡಲು ಅಮೆರಿಕದಲ್ಲಿ ಪ್ಯಾಂಥರ್ ಎಂಬ ಪರೀಕ್ಷೆ ನಡೆಯಿತು. 77 ಜನಕ್ಕೆ ಮೂರು ಮದ್ದು. 78 ಜನಕ್ಕೆ ಮದ್ದಿಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ.

2011ರ ಅಕ್ಟೋಬರಿನಲ್ಲಿ ಮಧ್ಯದಲ್ಲೇ ಈ ಭಾಗವನ್ನು ನಿಲ್ಲಿಸಬೇಕಾಯಿತು. ಮದ್ದು ತಿಂದವರಲ್ಲಿ ಸತ್ತವರು ಎಂಟು. ಖಾಲಿ ಮಾತ್ರೆ ತಿಂದವರಲ್ಲಿ ಸತ್ತವರು ಒಬ್ಬರು. ಆಸ್ಪತ್ರೆ ಸೇರಿದವರು ಅಲ್ಲಿ 23, ಇಲ್ಲಿ ಏಳು. ಎಷ್ಟೋ ವರ್ಷ 'ಏನೋ ಒಂದು ಕೊಡೋಣ' ಅಂತ ಕೊಟ್ಟ ಮದ್ದು, ಏನೂ ಕೊಡದೇ ಇರುವುದಕ್ಕಿಂತ ಕೆಟ್ಟದ್ದಾಗಿತ್ತು. 2012ರಲ್ಲಿ ವರದಿ ಅಚ್ಚಾಯಿತು. ಈ ರೋಗಕ್ಕೆ ಆ ಮೂರರ ಮದ್ದು ಬೇಡ ಅಂತ ಜಗತ್ತಿನ ತಜ್ಞರು ಒಪ್ಪಿದರು.

ಯಾಕೆ ಹಾಗಾಯಿತು ಅನ್ನುವುದಕ್ಕೆ 2019ರಲ್ಲಿ ಒಂದು ಸುಳಿವು ಸಿಕ್ಕಿತು. ಆ ಪರೀಕ್ಷೆಯಲ್ಲಿದ್ದವರು ಕೊಟ್ಟು ಹೋಗಿದ್ದ ರಕ್ತದ ಮಾದರಿ ತೆಗೆದು ಟೆಲೋಮಿಯರ್ ಅಳೆದರು. ಹಾನಿ ಎದ್ದು ಕಂಡದ್ದು ಗಿಡ್ಡ ಟೆಲೋಮಿಯರಿನವರಲ್ಲಿ. ಇಂಥವರ ರಕ್ತಕೋಶ ಹುಟ್ಟಿಸುವ ಮಜ್ಜೆಯೂ ಮೊದಲೇ ಸೊರಗಿರುತ್ತದೆ. ಕಾವಲುಗಾರರೇ ಕಡಿಮೆ ಇರುವ ಊರಿಗೆ ಹೋಗಿ, ಇದ್ದವರನ್ನೂ ಮಲಗಿಸಿ ಬಂದರೆ ಕಳ್ಳರು ಬಿಡುತ್ತಾರಾ?

ಇಲ್ಲಿ ಒಂದು ಮಾತು ದಪ್ಪಕ್ಷರದಲ್ಲಿ ಓದಿಕೊಳ್ಳಿ. ಸ್ಟಿರಾಯ್ಡ್ ಖಳನಾಯಕ ಅಲ್ಲ. ಅಸ್ತಮಾ ಜೋರಾದಾಗ, ಸಾರ್ಕಾಯ್ಡ್ ಎಂಬ ರೋಗದಲ್ಲಿ, ಕೀಲುವಾತದಿಂದ ಎದೆ ಕೆಟ್ಟಾಗ ಅದೇ ಜೀವ ಉಳಿಸುತ್ತದೆ. ಈಗ ತಿನ್ನುತ್ತಿರುವವರು ಈ ಪೇಪರ್ ಓದಿ ನಾಳೆ ಬೆಳಗ್ಗೆ ನಿಲ್ಲಿಸಿಬಿಟ್ಟರೆ ಅನಾಹುತ. ದಿಢೀರ್ ನಿಲ್ಲಿಸಿದರೂ ಪ್ರಾಣಕ್ಕೆ ಬರುತ್ತೆ. ಡಾಕ್ಟರನ್ನು ಕೇಳಿಯೇ ಇಳಿಸಬೇಕು. ಪ್ರಶ್ನೆ ಇರುವುದು ಮಾತ್ರೆಯ ಮೇಲಲ್ಲ. ಯಾವ ರೋಗ ಅಂತ ನೋಡದೆ ಕೊಡುವ ಅಭ್ಯಾಸದ ಮೇಲೆ.

ಕೂಲರ್, ಪಾರಿವಾಳ ಮತ್ತು ನಮ್ಮ ದೇಶ

ನಮ್ಮ ದೇಶದಲ್ಲಿ ಈ ಗೋಜಲು ಇನ್ನೂ ಹೆಚ್ಚು. ಭಾರತದ 27 ಆಸ್ಪತ್ರೆಗಳು ಸೇರಿ 1,084 ರೋಗಿಗಳ ಲೆಕ್ಕ ಬರೆದು 2017ರಲ್ಲಿ ಪ್ರಕಟಿಸಿದವು. ಎಲ್ಲರೂ ಶ್ವಾಸಕೋಶ ಬಿಗಿಯುವ ಒಂದಲ್ಲ ಒಂದು ಜಾತಿಯ ರೋಗದವರು. ಜಾಕಿರ್ ಹುಸೇನರಿಗೆ ಬಂದಂಥ ರೋಗ ಇದ್ದದ್ದು ಸುಮಾರು 14 ಭಾಗ ಜನಕ್ಕೆ. ಹತ್ತಿರ ಹತ್ತಿರ ಅರ್ಧದಷ್ಟು ಜನರದು ಹೈಪರ್‌ಸೆನ್ಸಿಟಿವಿಟಿ ನ್ಯುಮೋನೈಟಿಸ್. ಉಸಿರಿನ ಜತೆ ಒಳಗೆ ಹೋದ ಬೂಷ್ಟು, ಹಕ್ಕಿಯ ಹಿಕ್ಕೆ ಮೊದಲಾದವುಗಳಿಗೆ ಎದೆ ಮುನಿಸಿಕೊಳ್ಳುವ ರೋಗ. ಅವರಲ್ಲಿ ಅರ್ಧದಷ್ಟು ಜನ ಹುಲ್ಲಿನ ಪರದೆಯ ಏರ್ ಕೂಲರ್ ಗಾಳಿಗೆ ಕೂತವರು. ಪಾರಿವಾಳದ ಸಹವಾಸದವರೂ ಇದ್ದರು.

ಈ ಎರಡನೇ ರೋಗಕ್ಕೆ ಸ್ಟಿರಾಯ್ಡ್ ಕೊಡುವುದು ವಾಡಿಕೆ. ಕೆಲವರಿಗೆ ಗುಣ ಕಾಣುತ್ತದೆ ಕೂಡ. ಆದರೆ ಇದರಲ್ಲಿಯೂ ಕಲೆ ಬಿದ್ದು ಗಟ್ಟಿಯಾದ ರೋಗಿಗಳಲ್ಲಿ ಒಂದು ಪಾಲು ಗಿಡ್ಡ ಟೆಲೋಮಿಯರಿನವರು ಅಂತ ಈಚಿನ ವರ್ಷಗಳಲ್ಲಿ ತಿಳಿದಿದೆ. ಅವರಿಗೆ ರೋಗನಿರೋಧಕ ಶಕ್ತಿ ಅದುಮುವ ಮದ್ದಿನಿಂದ ಮಿಕ್ಕವರಿಗೆ ಸಿಗುವ ಲಾಭ ಸಿಗುವುದಿಲ್ಲ ಅನ್ನುವುದು ಈವರೆಗಿನ ಅಧ್ಯಯನಗಳ ಸಾರ. ಅಂದರೆ ರೋಗದ ಹೆಸರು ಬರೆದರಷ್ಟೇ ಸಾಲದು. ರೋಗಿ ಯಾವ ಮನೆತನದವನು, ಎಷ್ಟು ಬಂಡವಾಳದವನು ಅಂತಲೂ ನೋಡಬೇಕು.

ಹಾಗಾದರೆ ಮದ್ದೇನು?

ಗುಣ ಮಾಡುವ ಮದ್ದು ಇಲ್ಲ. ನಿಧಾನ ಮಾಡುವ ಮದ್ದು ಇದೆ. ಪಿರ್ಫೆನಿಡೋನ್ ಮತ್ತು ನಿಂಟೆಡಾನಿಬ್. ಅಮೆರಿಕ ಎರಡನ್ನೂ ಒಪ್ಪಿದ್ದು 2014ರಲ್ಲಿ. ಪಿರ್ಫೆನಿಡೋನ್ ನಮ್ಮಲ್ಲಿ ಅದಕ್ಕಿಂತ ಮೊದಲೇ, 2010ರಲ್ಲೇ ಮಾರುಕಟ್ಟೆಗೆ ಬಂದಿತ್ತು. ಬಿದ್ದ ಕಲೆಯನ್ನು ಇವು ಅಳಿಸುವುದಿಲ್ಲ, ಹೊಸದಾಗಿ ಬೀಳುವ ವೇಗ ತಗ್ಗಿಸುತ್ತವೆ. ಟೆಲೋಮಿಯರ್ ಜೀನು ಕೆಟ್ಟವರಿಗೂ ಇವನ್ನು ಕೊಡಬಹುದು, ಅವರಲ್ಲೂ ರೋಗದ ಓಟ ತಗ್ಗುತ್ತದೆ ಅಂತ ಫ್ರಾನ್ಸಿನ ಡಾಕ್ಟರುಗಳು ತೋರಿಸಿದ್ದಾರೆ. ಮೊದಲನೆಯದು ತಿಂದರೆ ವಾಕರಿಕೆ, ಬಿಸಿಲಿಗೆ ಚರ್ಮ ಕೆಂಪಾಗುವುದು. ಎರಡನೆಯದಕ್ಕೆ ಭೇದಿ. ದಿನಾ ತಿನ್ನಬೇಕು, ಬಿಡದೆ ತಿನ್ನಬೇಕು. ಹಾಗಾಗಿ ಹಣದ ಹೊರೆಯೂ ಪ್ರತಿ ತಿಂಗಳದ್ದು.

ಡಾನಜಾಲ್ ಅಂತ ಇನ್ನೊಂದು ಮದ್ದಿನ ಮೇಲೆ ಆಸೆ ಇದೆ. ಹೆಂಗಸರ ಗರ್ಭಕೋಶದ ತೊಂದರೆಗೆ ಕೊಡುತ್ತಿದ್ದ ಹಳೇ ಔಷಧ. ಗಂಡಸಿನ ಹಾರ್ಮೋನಿನ ದಾಯಾದಿ. 2016ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯವರು ಟೆಲೋಮಿಯರ್ ರೋಗದ 27 ಜನಕ್ಕೆ ಇದನ್ನು ಕೊಟ್ಟ ಫಲ ಪ್ರಕಟಿಸಿದರು. ಎರಡು ವರ್ಷ ಪೂರೈಸಿ ಅಳತೆಗೆ ಸಿಕ್ಕಿದ 12 ಜನರಲ್ಲಿ 11 ಜನರ ಟೆಲೋಮಿಯರ್ ಸವೆಯುವ ಬದಲು ಉದ್ದವಾಗಿತ್ತು! ಸುದ್ದಿ ಕೇಳಿ ಎಲ್ಲರೂ ಹುಬ್ಬೇರಿಸಿದರು. ಆದರೆ ಆ ಪರೀಕ್ಷೆಯಲ್ಲಿ ಖಾಲಿ ಮಾತ್ರೆಯವರ ಗುಂಪು ಇರಲಿಲ್ಲ. ಮುಖ್ಯವಾಗಿ ರಕ್ತದ ತೊಂದರೆ ಇದ್ದವರ ಪರೀಕ್ಷೆ ಅದು. ಲಿವರಿನ ಮೇಲೆ ಪೆಟ್ಟು, ಸ್ನಾಯು ಹಿಡಿತ ಬಹಳ ಜನಕ್ಕೆ ಕಾಣಿಸಿಕೊಂಡವು. ಎದೆಗೂ ಉಪಯೋಗವಾಗುತ್ತಾ ಅಂತ ಖಾಲಿ ಮಾತ್ರೆಯ ಜತೆ ತೂಗಿ ನೋಡಲು ಆಸ್ಟ್ರೇಲಿಯಾದವರು ಟೆಲೋಸ್ಕೋಪ್ ಎಂಬ ಪರೀಕ್ಷೆಗೆ ಇಳಿದರು. ಅಂಥ ತೂಕದ ಫಲ ಕೈಗೆ ಬರುವ ತನಕ ಡಾನಜಾಲನ್ನು ಎದೆಯ ಮದ್ದು ಅನ್ನುವ ಹಾಗಿಲ್ಲ. ತಜ್ಞರ ಕಣ್ಣೆದುರು ಬಿಟ್ಟು ತಿನ್ನುವ ಹಾಗಂತೂ ಇಲ್ಲವೇ ಇಲ್ಲ.

ಕೊನೇ ದಾರಿ ಶ್ವಾಸಕೋಶದ ಕಸಿ. ಅಲ್ಲೂ ಇದೇ ತೊಡಕು. ಕಸಿ ಮಾಡಿದ ಮೇಲೆ ಬದುಕಿರುವ ತನಕ ರೋಗನಿರೋಧಕ ಶಕ್ತಿ ಅದುಮುವ ಮದ್ದು ತಿನ್ನಲೇಬೇಕು. ಗಿಡ್ಡ ಟೆಲೋಮಿಯರಿನವರ ಮಜ್ಜೆ ಅದನ್ನು ತಾಳುವುದು ಕಷ್ಟ. ಮುಂಚೆಯೇ ಗೊತ್ತಿದ್ದರೆ ಡಾಕ್ಟರು ಮದ್ದಿನ ಪ್ರಮಾಣ ಹಿಡಿದು ಹಿಡಿದು ಕೊಡುತ್ತಾರೆ. ಗೊತ್ತಿಲ್ಲದಿದ್ದರೆ ಕಸಿ ಗೆದ್ದು ರೋಗಿ ಸೋತ ಹಾಗೆ.

ಪುಡಿ ಮಾರುವವರು

ಟೆಲೋಮಿಯರ್ ಅಂದ ಕೂಡಲೇ ಇನ್ನೊಂದು ಪೀಡೆ ಬೆನ್ನು ಹತ್ತುತ್ತೆ. 'ಟೆಲೋಮಿಯರ್ ಉದ್ದ ಮಾಡಿ ಮುಪ್ಪು ತಡೆಯಿರಿ' ಅಂತ ಮೊಬೈಲಿನಲ್ಲಿ ಬರುವ ಜಾಹೀರಾತು. ಡಬ್ಬಿಗಟ್ಟಲೆ ಪುಡಿ, ಮಾತ್ರೆ. ಇಂಥದ್ದೇ ಮಾತಾಡಿದ ಕಂಪನಿಯೊಂದನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2018ರಲ್ಲಿ ಹಿಡಿದು, ಪುರಾವೆ ಇಲ್ಲದೆ ಹಾಗೆ ಹೇಳಬಾರದು ಅಂತ ಕಟ್ಟುಪಾಡು ಹಾಕಿತು. ಎದೆ ಬಿಗಿದವರ ದುಡ್ಡು ಪುಡಿಗೆ ಹೋದರೆ ನಿಜವಾದ ಮದ್ದಿಗೆ ಕೈ ಖಾಲಿ. ಉದ್ದವಾದಷ್ಟೂ ಒಳ್ಳೇದು ಅನ್ನುವುದೂ ಸುಳ್ಳು. ಕ್ಯಾನ್ಸರ್ ಕೋಶಗಳು ಸಾಯದೆ ಬೆಳೆಯುವುದೇ ಬಹುಪಾಲು ಈ ಟೆಲೋಮರೇಸ್ ಬಲದಿಂದ.

ಕಾಸಿಲ್ಲದ ಪ್ರಶ್ನೆಗಳು

ಟೆಲೋಮಿಯರ್ ಅಳೆಯುವ ರಕ್ತಪರೀಕ್ಷೆ ತಾಲೂಕು ಲ್ಯಾಬಿನಲ್ಲಿ ಆಗುವ ಮಾತಲ್ಲ. ಎಲ್ಲರಿಗೂ ಬೇಕಾಗಿಯೂ ಇಲ್ಲ. ಆದರೆ ಯಾರಿಗೆ ಬೇಕು ಅಂತ ಆರಿಸುವುದಕ್ಕೆ ಯಂತ್ರ ಬೇಡ, ಬಾಯಿ ಸಾಕು. ಮನೆಯಲ್ಲಿ ಇನ್ಯಾರಿಗಾದರೂ ಹೀಗೆ ಎದೆ ಬಿಗಿದು ತೀರಿಕೊಂಡದ್ದು ಉಂಟಾ? ತಲೆ ಯಾವ ವಯಸ್ಸಿಗೆ ನರೆಯಿತು? ಕುಟುಂಬದಲ್ಲಿ ರಕ್ತದ ಅಥವಾ ಲಿವರಿನ ಕಾಯಿಲೆ ಇದೆಯಾ? ಒಂದು ನಿಮಿಷದ ಕೆಲಸ. ಹೌದು ಅಂತ ಉತ್ತರ ಬಂದರೆ ಅಂಥ ರೋಗಿಯನ್ನು ಸಿ.ಟಿ. ಸ್ಕ್ಯಾನಿಗೆ, ಅಲ್ಲಿಂದ ಶ್ವಾಸಕೋಶದ ತಜ್ಞರಿಗೆ ಕಳಿಸಬೇಕು. ರೋಗನಿರೋಧಕ ಶಕ್ತಿ ಅದುಮುವ ಮದ್ದು ಶುರು ಮಾಡುವುದು ಅದಾದ ಮೇಲಿನ ಮಾತು.

ಡಾಕ್ಟರು ಕೇಳದಿದ್ದರೆ ನೀವೇ ಹೇಳಿ. 'ನಮ್ಮಪ್ಪನೂ ಹೀಗೇ ಹೋದರು' ಅನ್ನುವ ಒಂದು ಮಾತನ್ನು ನಮ್ಮ ಜನ ಆಸ್ಪತ್ರೆಯಲ್ಲಿ ಹೇಳುವುದೇ ಇಲ್ಲ. ಹೆಣ್ಣು ಗಂಡು ನೋಡುವ ಮನೆಯವರಿಗೆ ತಿಳಿದೀತು ಅನ್ನುವ ಅಂಜಿಕೆ. ಮುಚ್ಚಿಟ್ಟರೆ ಸಂಬಂಧ ಉಳಿದೀತು, ಮನುಷ್ಯ ಉಳಿಯಬೇಕಲ್ಲ? ಕಫ ಪರೀಕ್ಷೆಯಲ್ಲಿ ಟಿ.ಬಿ. ಸಿಗದೆ, ಟಿ.ಬಿ. ಮಾತ್ರೆ ತಿಂಗಳುಗಟ್ಟಲೆ ತಿಂದರೂ ಉಸಿರು ಕೂಡದಿದ್ದರೆ 'ಬೇರೆ ಏನಾದರೂ ಇರಬಹುದಾ' ಅಂತ ಕೇಳುವುದು ರೋಗಿಯ ಹಕ್ಕು.

ಮಿಕ್ಕದ್ದು ಎಲ್ಲರಿಗೂ ಅನ್ವಯ. ಬೀಡಿ ಬಿಡಿ. ಅಂಗಡಿಯ ಅಟ್ಟದ ಮೇಲಿನ ಪಾರಿವಾಳದ ಗೂಡು ಖಾಲಿ ಮಾಡಿಸಿ, ಹಿಕ್ಕೆಯನ್ನು ಒಣ ಪೊರಕೆಯಲ್ಲಿ ಗುಡಿಸಬೇಡಿ. ಕೂಲರಿನ ಹುಲ್ಲು ಬೂಷ್ಟು ಹಿಡಿದಿದ್ದರೆ ಬಿಸಾಕಿ. ಫೈಬ್ರೋಸಿಸ್ ಇದ್ದವರು ಫ್ಲೂ ಮತ್ತು ನ್ಯುಮೋನಿಯಾದ ಲಸಿಕೆ ಕೇಳಿ ಹಾಕಿಸಿಕೊಳ್ಳಿ.

ಇನ್ನು ಮೆಡಿಕಲ್ ಶಾಪಿನ ಸ್ನೇಹಿತರಿಗೆ ಒಂದು ಮಾತು. ಚೀಟಿ ಇಲ್ಲದೆ ಬಂದವನಿಗೆ ಆ ಹತ್ತು ಮಾತ್ರೆಯ ಪಟ್ಟಿ ಕೊಟ್ಟರೆ ಸಿಗುವ ಲಾಭ ಚಿಲ್ಲರೆ ಕಾಸು. ಔಷಧ ನಿಯಂತ್ರಣ ಇಲಾಖೆಯವರೂ ಕುರ್ಚಿ ಬಿಟ್ಟೆದ್ದು ಬಂದು ಆ ಕೆಂಪು ಗೆರೆಗೆ ಬೆಲೆ ಇದೆಯಾ ಅಂತ ಗೂಡು ಗೂಡು ನೋಡಲಿ. ಜಿಲ್ಲಾ ಆಸ್ಪತ್ರೆಯ ಹೊರರೋಗಿ ಚೀಟಿಯ ಹಿಂದುಗಡೆ ಆ ಮೂರು ಪ್ರಶ್ನೆ ಅಚ್ಚು ಹಾಕಿಸುವುದಕ್ಕೆ ಬಜೆಟ್ಟಿನಲ್ಲಿ ಹಣ ತೆಗೆದಿಡಬೇಕಾಗಿಲ್ಲ. ರಬ್ಬರ್ ಸ್ಟಾಂಪು ಸಾಕು.